ಹತ್ತು ಲಕ್ಷದ ಒಂಬತ್ತು

ಶಿಕಾರಿಪುರ
2-11-1958

ಪೂಜ್ಯ ಮೇಷ್ಟ್ರ ಪಾದಗಳಿಗೆ ರಾಜಪ್ಪನ ನಮಸ್ಕಾರಗಳು.

ಈ ಕಾಗದವನ್ನು ವಾಸಂತಿ ನಿಮಗೆ ಓದಿ ಹೇಳುತ್ತಾಳೆ ಎಂದು ತಿಳಿದೇ ಬರೆಯುತ್ತಿದ್ದೇನೆ. ಆದ್ದರಿಂದ ಮೊದಲು ಅವಳಿಗೆ ಒಂದು ಮಾತು: ತಂಗೀ, ಓಡಿಸಬೇಡ, ನಿಧಾನವಾಗಿ ಓದು.

ಸೊರಬದಲ್ಲಿ, ಆಮೇಲೆ ಇಲ್ಲಿ ಶಿಕಾರಿಪುರದಲ್ಲಿ, ನಿಮ್ಮ ಹತ್ತಿರ ಕಲಿತವರೆಲ್ಲ ಸೇರಿ ನಿಮಗೊಂದು ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದ್ದೇವೆ. ಡಿಸೆಂಬರ್ ಏಳು, ಭಾನುವಾರ, ನಮ್ಮ ಶಾಲೆಯ ದೊಡ್ಡ ಕೊಠಡಿಯಲ್ಲಿ. ಶಿವಮೊಗ್ಗದಿಂದ ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬರಲು ಒಪ್ಪಿದ್ದಾರೆ. ನಿಮ್ಮ ಬಗ್ಗೆ ಮಾತಾಡುವ ಕೆಲಸ ನನ್ನದು. ಈ ಶಾಲೆಯಲ್ಲಿ ಈಗ ಗಣಿತ ಹೇಳುವವನು ನಾನೇ ಆದ್ದರಿಂದ ಬೇರೆಯವರು ಯಾರೂ ತಕರಾರು ತೆಗೆಯಲಿಲ್ಲ.

ನಿಮ್ಮ ಬಗ್ಗೆ ಹೇಳುವುದೆಂದರೆ ಹತ್ತು ಲಕ್ಷದ ಒಂಬತ್ತರ ಬಗ್ಗೆ ಹೇಳುವುದೇ ಅಲ್ಲವೇ. ಸಂತೆಯಲ್ಲಿ ಮಧುಕೇಶ್ವರ ಮೇಷ್ಟ್ರು ಎಂದರೆ ಗುರುತು ಹತ್ತದವರೂ 'ಹತ್ತು ಲಕ್ಷದ ಒಂಬತ್ತು ಮೇಷ್ಟ್ರು' ಎಂದರೆ ತಟ್ಟನೆ ಕೈ ಮುಗಿಯುತ್ತಾರೆ. ಪ್ರತಿ ವರ್ಷ ಮೊದಲ ದಿನ ಆ ಏಳು ಅಂಕಿಗಳನ್ನು ಬೋರ್ಡಿನ ಉದ್ದಕ್ಕೂ ಬರೆದು, "ಇದು ಅವಿಭಾಜ್ಯ. ಒಂದು ಬಿಟ್ಟರೆ ತಾನೇ, ಬೇರೆ ಯಾರ ಕೈಲೂ ಇದನ್ನ ಶೇಷವಿಲ್ಲದೆ ಭಾಗ ಮಾಡೋಕಾಗಲ್ಲ. ಹೀಗೆ ನಿಂತ್ಕೋಬೇಕು ಮನುಷ್ಯ" ಎನ್ನುತ್ತಿದ್ದಿರಿ.

ನಲವತ್ತೆರಡರ ಚಳವಳಿಯಲ್ಲಿ ಪೊಲೀಸರಿಗೆ ಹೆದರಿ ನಮ್ಮೂರು ಈಸೂರಿನ ಜನ ಕಾಡು ಸೇರಿ, ನಮ್ಮಪ್ಪ ಜೈಲಿನಲ್ಲಿದ್ದಾಗ, ಆ ಊರಿನ ಹುಡುಗ ಎಂದರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ನೀವು ನನ್ನನ್ನು ಸೊರಬದ ಮನೆಗೆ ಕರೆತಂದಿರಿ. ಜಗಲಿಯಲ್ಲಿ ಕೂತು ಅಳುತ್ತಿದ್ದವನ ಕೈಗೆ ಸ್ಲೇಟು ಕೊಟ್ಟು, "ಮೊದಲು ಇದನ್ನ ಭಾಗಿಸು. ಮುಗಿದ ಮೇಲೆ ಅಳು" ಎಂದಿರಿ. ಅದು ಮುಗಿಯುವ ಲೆಕ್ಕವಲ್ಲ ಎಂದು ತಿಳಿಯುವ ಹೊತ್ತಿಗೆ ಅಳು ನಿಂತಿತ್ತು.

ಅಂದು ಬಿಟ್ಟದ್ದನ್ನು ಈಗ ಪೂರ್ತಿ ಮಾಡುತ್ತೇನೆ. ಸಾವಿರದೊಳಗಿನ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ, ಯಾವುದಕ್ಕೂ ಬಗ್ಗಲಿಲ್ಲ ಎಂದು ಸಭೆಯಲ್ಲಿ ಸಾರುತ್ತೇನೆ. ಸಾವಿರ ದಾಟಬೇಕಾಗಿಲ್ಲ; ಸಂಖ್ಯೆ ಎರಡಾಗಿ ಒಡೆಯುವುದಾದರೆ ಒಂದು ತುಂಡು ಸಾವಿರದೊಳಗೇ ಸಿಕ್ಕಬೇಕು ಎಂದು ಕಲಿಸಿದವರು ನೀವು.

ನಿಮ್ಮ ಒಪ್ಪಿಗೆಗೆ ಕಾದಿದ್ದೇನೆ.

ರಾಜಪ್ಪ


ಸೊರಬ
9-11-1958

ಚಿ. ರಾಜಪ್ಪನಿಗೆ ಮಧುಕೇಶ್ವರನ ಆಶೀರ್ವಾದ.

ಬರುತ್ತೇನೆ. ಶಾಲು ಬೇಡ, ಇರುವ ಶಾಲುಗಳನ್ನೇ ಜಿರಲೆ ತಿನ್ನುತ್ತಿದೆ.

ಸಂಖ್ಯೆಯ ವಿಷಯ. ನೀನು ಭಾಗಿಸುತ್ತ ಕೂರುವ ಅಗತ್ಯವಿಲ್ಲ. ನಾನು ಅದನ್ನು ಬೇರೆ ದಾರಿಯಲ್ಲಿ ಹಿಡಿದಿದ್ದೇನೆ. ಸಾವಿರದ ವರ್ಗಕ್ಕೆ ಮೂರರ ವರ್ಗ ಕೂಡಿದರೆ ಹತ್ತು ಲಕ್ಷದ ಒಂಬತ್ತು. ಇದೇ ಸಂಖ್ಯೆ ಇನ್ನೊಂದು ಜೋಡಿ ವರ್ಗಗಳ ಮೊತ್ತವಾಗಿಯೂ ಬಂದರೆ ಅದು ಒಡೆಯುವ ಸಂಖ್ಯೆ. ಬಾರದಿದ್ದರೆ ಅವಿಭಾಜ್ಯ. ಮೈಸೂರಿನಲ್ಲಿ ಓದುವಾಗ ಒಂದು ಬೇಸಿಗೆ ರಜೆಯೆಲ್ಲ ಕೂತು ಹುಡುಕಿದ್ದೇನೆ. ಇನ್ನೊಂದು ಜೋಡಿ ಇಲ್ಲ.

ಆದರೂ ಭಾಗಿಸುತ್ತೇನೆ ಎನ್ನುವುದಾದರೆ ಭಾಗಿಸು. ಗುರು ಹೇಳಿದ ಎಂದು ನಂಬುವುದು ಗಣಿತವಲ್ಲ.

ಮಧುಕೇಶ್ವರ

ರಾಜಪ್ಪಣ್ಣ, ಇಲ್ಲಿಂದ ಕೆಳಗೆ ನನ್ನ ಮಾತು. ಅಪ್ಪಯ್ಯ ಸನ್ಮಾನ ಬೇಡ ಬೇಡ ಎನ್ನುತ್ತಲೇ ಕೋಟನ್ನು ಬಿಸಿಲಿಗೆ ಹಾಕಿಸಿದ್ದಾರೆ. ಕಣ್ಣು ಹೋದ ಮೇಲೆ ಮೊದಲ ಸಲ ಸ್ನಾನ ಮಾಡುವಾಗ ಹಾಡಿಕೊಳ್ಳುವುದು ಕೇಳಿದೆ. ಕಣ್ಣಿನ ನರ ಒಣಗಿದೆ, ಇನ್ನು ಬೆಳಕು ಬಾರದು ಎಂದು ಸಾಗರದ ಡಾಕ್ಟರು ನನ್ನ ಕಿವಿಯಲ್ಲಿ ಹೇಳಿ, ನಾನು ಅದನ್ನು ಅಪ್ಪಯ್ಯನಿಗೆ ಹೇಳಿದಾಗ ವಾರವಿಡೀ ನನ್ನೊಡನೆ ಮಾತು ಬಿಟ್ಟಿದ್ದರು. ಡಾಕ್ಟರ ಜೊತೆ ಮಾತಾಡಿದರು, ನನ್ನ ಜೊತೆ ಇಲ್ಲ! ಈಗ ಮನೆ ಮತ್ತೆ ಮನೆಯಂತಿದೆ. ನಿನ್ನ ಪುಣ್ಯ.

ವಾಸಂತಿ


ಶಿಕಾರಿಪುರ
19-11-1958

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಇಲ್ಲಿ ತಯಾರಿ ಜೋರಾಗಿ ನಡೆದಿದೆ. ಕುಬಟೂರಿನ ಕಡೆಯಿಂದಲೂ ನಿಮ್ಮ ಹಳೆಯ ಶಿಷ್ಯರು ಗಾಡಿ ಕಟ್ಟಿಕೊಂಡು ಬರುವವರಿದ್ದಾರೆ. ಒಬ್ಬರು ಗಂಧದ ಹಾರ ತರಿಸುತ್ತೇನೆ ಎಂದಿದ್ದಾರೆ. ಶಾಲೆಯ ಹುಡುಗಿಯರು ಸ್ವಾಗತ ಗೀತೆ ಕಲಿಯುತ್ತಿದ್ದಾರೆ. ಶ್ರುತಿ ಇನ್ನೂ ಕೂಡಿಲ್ಲ. ನೀವು ನನಗೆ ಮಾಡಿದ್ದನ್ನೆಲ್ಲ ಹೇಗೆ ಹೇಳಿ ಮುಗಿಸಲಿ ಎಂಬುದೇ ನನ್ನ ಚಿಂತೆ. ಬರೆದು ಬರೆದು ಹರಿಯುತ್ತಿದ್ದೇನೆ.

ಇನ್ನೊಂದು ವಿಷಯವಿದೆ. ಬರೆಯಲೋ ಬೇಡವೋ ಎಂದು ಎರಡು ದಿನ ಸುಮ್ಮನಿದ್ದೆ. ಏಳರಿಂದ ಭಾಗಿಸಿದರೆ ಮೂರು ಉಳಿಯಿತು, ಹನ್ನೊಂದರಿಂದ ಹತ್ತು, ಹದಿಮೂರರಿಂದಲೂ ಹತ್ತು. ಹೀಗೆ ಮೇಲೆ ಹೋದೆ. ಇನ್ನೂರ ತೊಂಬತ್ತಮೂರಕ್ಕೆ ಬಂದಾಗ ಕೊನೆಯಲ್ಲಿ ಎಂಟುನೂರ ಎಪ್ಪತ್ತೊಂಬತ್ತು ಉಳಿಯಿತು, ಅದು ಇನ್ನೂರ ತೊಂಬತ್ತಮೂರರ ಮೂರರಷ್ಟು. ಶೇಷ ಸೊನ್ನೆ. ತಪ್ಪಿದ್ದೇನೆ ಎಂದು ಮತ್ತೆ ಮಾಡಿದೆ. ಗುಣಿಸಿ ನೋಡಿದೆ. ಇನ್ನೂರ ತೊಂಬತ್ತಮೂರು ಗುಣಿಸು ಮೂರು ಸಾವಿರದ ನಾನೂರ ಹದಿಮೂರು, ಸರಿಯಾಗಿ ಹತ್ತು ಲಕ್ಷದ ಒಂಬತ್ತು. ಮೇಷ್ಟ್ರೇ, ಅದು ಅವಿಭಾಜ್ಯವಲ್ಲ.

ಗುರು ಹೇಳಿದ ಎಂದು ನಂಬಬೇಡ ಎಂದವರು ನೀವೇ. ಸಭೆಯಲ್ಲಿ ಇದನ್ನು ಹೇಳಲೇ? ಹೇಳಿದರೆ ನಿಮ್ಮ ಪಾಠ ಎಂಥದ್ದು ಎಂದು ಜನರಿಗೆ ಗೊತ್ತಾಗುತ್ತದೆ ಎಂದು ನನಗೆ ಅನ್ನಿಸುತ್ತದೆ. ಬೇಡವೆಂದರೆ ಬಾಯಿ ಬಿಡುವುದಿಲ್ಲ. ನಿಮ್ಮ ಮಾತಿಗೆ ಕಾಯುತ್ತೇನೆ.

ರಾಜಪ್ಪ


ಸೊರಬ
25-11-1958

ರಾಜಪ್ಪಣ್ಣನಿಗೆ,

ನಿನ್ನ ಕಾಗದ ಬಂತು, ಅಪ್ಪಯ್ಯನಿಗೆ ಓದಿ ಹೇಳಿದೆ. ತುಂಬ ಸಂತೋಷಪಟ್ಟರು. "ನನ್ನ ಕೈಯಲ್ಲಿ ತಯಾರಾದವನು" ಎಂದು ಅವತ್ತೆಲ್ಲ ಬಂದವರಿಗೆ ಹೇಳಿದರು. ಗಂಧದ ಹಾರ ಮಾತ್ರ ಬೇಡವಂತೆ, ಸೀನು ಬರುತ್ತದಂತೆ.

ಭಾಷಣದಲ್ಲಿ ಸಂಖ್ಯೆಗಿಂತ ಮನುಷ್ಯನ ಬಗ್ಗೆಯೇ ಜಾಸ್ತಿ ಹೇಳು. ಬಂದವರಲ್ಲಿ ಲೆಕ್ಕ ಬಲ್ಲವರು ಎಷ್ಟು ಜನ ಇರುತ್ತಾರೆ?

ನಾವು ಏಳನೇ ತಾರೀಖು ಬೆಳಗಿನ ಬಸ್ಸಿಗೆ ಶಿರಾಳಕೊಪ್ಪದ ಮೇಲೆ ಬರುತ್ತೇವೆ.

ವಾಸಂತಿ


ಶಿಕಾರಿಪುರ
9-12-1958

ವಾಸಂತಿ,

ನೀವು ಯಾವಾಗ ಎದ್ದು ಹೋದಿರಿ ಎಂದೇ ನನಗೆ ತಿಳಿಯಲಿಲ್ಲ. ಅಧಿಕಾರಿಗಳು ನನ್ನ ಕೈ ಕುಲುಕುತ್ತಿದ್ದರು. ತಿರುಗಿ ನೋಡುವಾಗ ಮೇಷ್ಟ್ರ ಕುರ್ಚಿ ಖಾಲಿ. ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೋಗಿತ್ತು.

ನನಗೆ ಅರ್ಥವಾಗುತ್ತಿಲ್ಲ. ಅವರಿಗೆ ಮೊದಲೇ ಗೊತ್ತಿತ್ತಲ್ಲ? ಓದಿ ಹೇಳಿದೆ, ಸಂತೋಷಪಟ್ಟರು ಎಂದು ನೀನೇ ಬರೆದಿದ್ದೆ. ನಾನು ಬೋರ್ಡಿನ ಕಡೆ ತಿರುಗಿ ಭಾಗಾಕಾರ ಬರೆಯುತ್ತಿದ್ದೆ. ಹಿಂದಿನಿಂದ ಅವರ ದನಿ ಕೇಳಿತು, "ಎಷ್ಟರಿಂದ ಅಂದ್ಯೋ?" ಎಂದು. ಇನ್ನೂರ ತೊಂಬತ್ತಮೂರು ಎಂದೆ. "ಭಾಗಲಬ್ಧ?" ಹೇಳಿದೆ. ತಿಳಿದಿದ್ದೂ ತಿಳಿಯದವರಂತೆ ಕೇಳಿ ಸಭೆಗೆ ಪಾಠ ಮಾಡುತ್ತಿದ್ದಾರೆ, ಹಳೆಯ ಮೇಷ್ಟ್ರ ಚಾಳಿ ಹೋಗಿಲ್ಲ ಎಂದುಕೊಂಡು ನಾನು ನಗುತ್ತಲೇ ಬರೆದೆ. ಅವರ ಮುಖ ನೋಡಲಿಲ್ಲ. ಆ ಅಧಿಕಾರಿ, "ಹಾಗಾದ್ರೆ ಮೇಷ್ಟ್ರು ಇಷ್ಟು ವರ್ಷ ತಪ್ಪು ಪಾಠ ಹೇಳಿದ್ರು ಅನ್ನಿ" ಎಂದಾಗ ಇಡೀ ಕೊಠಡಿ ನಕ್ಕಿತು. ನಾನೂ ನಕ್ಕೆನೋ ಏನೋ. ನೆನಪು ಮಾಡಿಕೊಳ್ಳಲು ಹೆದರಿಕೆ.

ನೀನು ಹೆಂಗಸರ ಸಾಲಿನಲ್ಲಿ ಅವರ ಎದುರಿಗೇ ಕೂತಿದ್ದೆ. ಏನಾಯಿತು ಹೇಳು.

ರಾಜಪ್ಪ


ಸೊರಬ
15-12-1958

ರಾಜಪ್ಪಣ್ಣ,

ನಾನು ಓದಿರಲಿಲ್ಲ.

ಸ್ವಾಗತ ಗೀತೆ, ಗಾಡಿ, ಹಾರ ಎಲ್ಲ ಓದಿದೆ. 'ಇನ್ನೊಂದು ವಿಷಯವಿದೆ' ಎಂಬಲ್ಲಿಗೆ ಬಂದು, ಮುಂದಿನ ಸಾಲುಗಳನ್ನು ಕಣ್ಣಲ್ಲೇ ಓದಿಕೊಂಡು, 'ಇಂತಿ ರಾಜಪ್ಪ' ಎಂದು ಮುಗಿಸಿಬಿಟ್ಟೆ. ಅಪ್ಪಯ್ಯ ಅಷ್ಟಕ್ಕೇ ಸಂತೋಷಪಟ್ಟರು. ನಾನು ನಿನಗೆ ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ ಎಂದು ಆಗ ನನಗೇ ಸಮಾಧಾನ ಹೇಳಿಕೊಂಡೆ. ಈಗ ಆ ಸಮಾಧಾನ ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ. ಹಾಡಿಕೊಳ್ಳುತ್ತಿದ್ದವರು ಮತ್ತೆ ಮೂಲೆ ಹಿಡಿದರೆ ಎಂದು ಹೆದರಿದೆ. ಸಂಖ್ಯೆ ಬೇಡ ಎಂದು ಸುಳಿವು ಕೊಟ್ಟಿದ್ದೇನೆ, ನೀನು ಸಭೆಯಲ್ಲಿ ಎತ್ತುವುದಿಲ್ಲ ಎಂದುಕೊಂಡೆ. ನೀನೋ, ಒಪ್ಪಿಗೆ ಸಿಕ್ಕಿತು ಎಂದುಕೊಂಡೆ.

ಏನಾಯಿತು ಎಂದು ಕೇಳಿದ್ದೀಯ. ನೀನು 'ಇದು ಅವಿಭಾಜ್ಯವಲ್ಲ' ಎಂದಾಗ ಅಪ್ಪಯ್ಯ ಮೊದಲು ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ಸೀಮೆಸುಣ್ಣದ ಸದ್ದು ನಿಲ್ಲದ್ದನ್ನು ಕೇಳಿ ತಲೆ ಆ ಕಡೆ ತಿರುಗಿಸಿದರು. ನೀನು ಎರಡೂ ಸಂಖ್ಯೆ ಹೇಳಿದ ಮೇಲೆ ತುಟಿ ಅಲ್ಲಾಡತೊಡಗಿತು. ಮುನ್ನೂರರಿಂದ ಗುಣಿಸಿದರು, ಏಳು ಪಾಲು ಕಳೆದರು, ನನಗೆ ಅವರ ತುಟಿಯ ಲೆಕ್ಕ ಗೊತ್ತಾಗುತ್ತದೆ. ಅಷ್ಟರಲ್ಲಿ ಎಲ್ಲರೂ ನಗುತ್ತಿದ್ದರು. ಆ ನಗೆಯ ನಡುವೆ "ಸರಿ ಇದೆ" ಎಂದರು. ಯಾರಿಗೂ ಕೇಳಲಿಲ್ಲ. ಹಾರ ತೆಗೆಯಲು ಹೋದರು, ಅದು ಕಪ್ಪು ಕನ್ನಡಕಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳಲಾಗದೆ ತಡಕಾಡುತ್ತಿದ್ದಾಗ ನಾನು ಎದ್ದು ಹೋದೆ.

ಬಸ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿದರು. "ಅವನು ನನಗೆ ಮೊದಲೇ ಬರೀಬೋದಿತ್ತು ಅಲ್ವನೇ?"

ನೀನು ಬರೆದಿದ್ದೆ ಎಂದು ಹೇಳಲು ಬಾಯಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಅವರ ಕಣ್ಣಲ್ಲಿ ತಪ್ಪು ನಿನ್ನದೇ ಆಗಿ ಉಳಿದಿದೆ.

ವಾಸಂತಿ


ಶಿಕಾರಿಪುರ
20-12-1958

ವಾಸಂತಿ,

ನಿನ್ನ ಕಾಗದ ಓದಿ, ನಿನ್ನನ್ನು ಬೈದು ನಾಲ್ಕು ಪುಟ ಬರೆದು ಹರಿದೆ. ಬೈಯುವ ಹಕ್ಕು ನನಗೆ ಅಷ್ಟೇನೂ ಇಲ್ಲ ಎಂದು ಹರಿದ ಮೇಲೆ ಗೊತ್ತಾಯಿತು.

ನಾನು ಹೇಳಲೇ ಎಂದು ಕೇಳಿದ್ದೆ. ಹೇಳು ಎಂಬ ಉತ್ತರ ನಿನ್ನ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಈಗ ತೆಗೆದು ನೋಡಿದರೆ ಸ್ಪಷ್ಟವಾಗಿದೆ. ಆಗಲೂ ಸ್ಪಷ್ಟವಾಗಿಯೇ ಇತ್ತು. ಇನ್ನೊಂದು ಕಾರ್ಡು ಹಾಕಿ ಕೇಳಬಹುದಿತ್ತು. ಕೇಳಲಿಲ್ಲ ಏಕೆಂದರೆ ಬೇಡ ಎಂಬ ಉತ್ತರ ನನಗೆ ಬೇಕಿರಲಿಲ್ಲ. ಶಿವಮೊಗ್ಗದ ಅಧಿಕಾರಿಯ ಎದುರು ಬೋರ್ಡಿನ ಮೇಲೆ ಆ ಸೊನ್ನೆ ಬರೆಯುವ ಕ್ಷಣವನ್ನು ನಾನು ಮನಸ್ಸಿನಲ್ಲಿ ಎಷ್ಟೋ ಸಲ ಬರೆದು ನೋಡಿದ್ದೆ.

ಇನ್ನೊಂದಿದೆ. ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ. ಮೊನ್ನೆ ಈಸೂರಿಗೆ ಹೋಗಿದ್ದೆ. ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಗೋಪಾಲಪ್ಪ ಚಿಕ್ಕಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ನನ್ನ ಬೆನ್ನು ತಟ್ಟಿದ.

"ಭಾಳ ಚಲೋ ಮಾಡ್ದೆ ಬಿಡಪ್ಪ. ಅಷ್ಟು ವರ್ಷ ಜಗಲಿ ಮ್ಯಾಲೆ ಉಣ್ಣಾಕ ಹಾಕಿದ್ರಲ್ಲ, ತುಂಬಿದ ಸಭೆದಾಗ ಇಳಿಸಿದೆ ನೋಡು."

"ಹಂಗಲ್ಲ ಚಿಕ್ಕಪ್ಪ, ಅವರು ಇರದಿದ್ರ ನಾನು ಎಲ್ಲಿರ್ತಿದ್ದೆ" ಎಂದೆ.

"ಅದೂ ಖರೇನ. ಇದೂ ಖರೇನ" ಎಂದ.

ವಾಸಂತಿ, ಅವನ ಮಾತು ಕೇಳಿ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಮೊದಲು, ಒಂದೇ ಕ್ಷಣ, ಒಳಗೆಲ್ಲೋ ಹಿತವಾಯಿತು. ಅದನ್ನು ನಾನು ನೋಡಿದೆ. ನೀವೆಲ್ಲ ಒಳಗೆ ಉಣ್ಣುವಾಗ ಬಟ್ಟಲುಗಳ ಸದ್ದು ಜಗಲಿಗೆ ಕೇಳುತ್ತಿದ್ದದ್ದು, ನಿಮ್ಮ ಅಮ್ಮ ನನ್ನ ಎಲೆಗೆ ಮೇಲಿನಿಂದ ಬಡಿಸುತ್ತಿದ್ದದ್ದು, ಇದನ್ನೆಲ್ಲ ಮರೆತಿದ್ದೇನೆ ಎಂದುಕೊಂಡಿದ್ದೆ. ಬೋರ್ಡಿನ ಎದುರು ನಿಂತಾಗ ನನ್ನ ಕೈಯಲ್ಲಿ ಸೀಮೆಸುಣ್ಣದ ಜೊತೆ ಅದೂ ಇತ್ತೇ? ಇರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಜೀವ ಉಳಿಸಿ ಅಕ್ಷರ ಕೊಟ್ಟವರ ಬಗ್ಗೆ ಇಂಥದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವನು ಎಂಥ ಮನುಷ್ಯ!

ನನ್ನ ತಪ್ಪು ನನ್ನದಾಗಿಯೇ ಇರಲಿ. ನೀನು ಏನೂ ಹೇಳಬೇಡ.

ರಾಜಪ್ಪ


ಸೊರಬ
28-12-1958

ರಾಜಪ್ಪಣ್ಣ,

ಅಂಚೆಯವನು ಬಂದಾಗ ನಾನು ಹಿತ್ತಿಲಲ್ಲಿದ್ದೆ. ಕಾಗದ ಅಪ್ಪಯ್ಯನ ಕೈಗೆ ಸಿಕ್ಕಿತು. ನಾನು ಒಳಗೆ ಬರುವಾಗ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

"ಶಿಕಾರಿಪುರದ್ದಂತೆ. ಓದು."

"ನನಗೆ ಬರೆದಿದ್ದು ಅಪ್ಪಯ್ಯ."

"ಗೊತ್ತು. ಓದು. ನಡುವೆ ಬಿಟ್ಟರೆ ನಿನ್ನ ಉಸಿರಲ್ಲೇ ಗೊತ್ತಾಗ್ತದೆ."

ಹಾಗಾದರೆ ಮೊದಲ ಸಲವೂ ಅವರಿಗೆ ಗೊತ್ತಾಗಿತ್ತೇ? ನಾನು ಮೊದಲು ನಿನ್ನ ನವೆಂಬರ್ ಕಾಗದ ತಂದು, ಬಿಟ್ಟದ್ದನ್ನು ಓದಿದೆ. ನಾನು ಬಚ್ಚಿಟ್ಟದ್ದನ್ನೂ ಹೇಳಿದೆ. ಅದಾದ ಮೇಲೆ ಏನನ್ನಾದರೂ ಬಿಡುವ ಧೈರ್ಯ ಉಳಿಯಲಿಲ್ಲ. ಹೊಸ ಕಾಗದವನ್ನೂ ಪೂರ್ತಿ ಓದಿದೆ. ಜಗಲಿಯ ಮಾತು ಬಂದಾಗ ಕಾಗದ ಮಡಿಸಹೋದೆ. "ನಿಲ್ಲಿಸಬೇಡ" ಎಂದರು. ನಿನ್ನ ಹಿತವಾಯಿತು ಎಂಬ ಸಾಲನ್ನೂ ಓದಿದೆ. ನನ್ನನ್ನು ನಂಬಿ ಬರೆದದ್ದನ್ನು ನಾನೇ ಅವರ ಮುಂದೆ ಹರವಿದೆ. ಓದಬಾರದ ಕಡೆ ಓದಿದೆ, ಓದಬೇಕಾದ ಕಡೆ ಬಿಟ್ಟೆ. ನಿನ್ನ ಕಣ್ಣಿಗೆ ಕಣ್ಣು ಕೊಡುವ ಮುಖ ಇನ್ನು ನನಗಿಲ್ಲ.

ಓದಿ ಮುಗಿಸಿದ ಮೇಲೆ ಅವರು ಕೇಳಿದ್ದು ನಿನ್ನ ಬಗ್ಗೆ ಅಲ್ಲ.

"ನವೆಂಬರಿನಲ್ಲಿ ಯಾಕೆ ಓದ್ಲಿಲ್ಲ?"

"ಹೆದರಿಕೆ ಆಯ್ತು."

"ಯಾರಿಗೆ ಹೆದರಿದ್ದು?"

"ನಿಮಗೆ."

"ನಾನು ನಿನ್ನನ್ನ ಯಾವತ್ತಾದರೂ ಹೊಡೆದಿದೀನಾ?"

"ಇಲ್ಲ. ಮಾತು ಬಿಡ್ತೀರಿ."

ಈಗ ಮೂರು ದಿನದಿಂದ ಊಟ ಮಾಡುತ್ತಾರೆ, ಮಾತಿಗೆ ಮಾತು ಕೊಡುತ್ತಾರೆ, ಉಳಿದ ಹೊತ್ತೆಲ್ಲ ಬಾಯಲ್ಲಿ ಲೆಕ್ಕ. ನನ್ನಿಂದ ಒಂದಿಷ್ಟು ಸಂಖ್ಯೆಗಳ ವರ್ಗ ಗುಣಿಸಿ ಹೇಳಿಸಿಕೊಂಡರು. ಯಾಕೆ ಎಂದು ಹೇಳಲಿಲ್ಲ.

ವಾಸಂತಿ


ಸೊರಬ
8-1-1959

ಚಿ. ರಾಜಪ್ಪನಿಗೆ,

ಬರೆಯುತ್ತಿರುವವಳು ವಾಸಂತಿ. ತನ್ನ ಬಗ್ಗೆ ಬಂದದ್ದನ್ನೂ ಬಿಡದೆ ಬರೆಯಬೇಕು ಎಂದು ಹೇಳಿದ್ದೇನೆ.

ಮೊದಲು ಗಣಿತ. ನಿನ್ನ ಇನ್ನೂರ ತೊಂಬತ್ತಮೂರು, ಹದಿನೇಳರ ವರ್ಗ ಮತ್ತು ಎರಡರ ವರ್ಗ ಕೂಡಿದ್ದು. ಮೂರು ಸಾವಿರದ ನಾನೂರ ಹದಿಮೂರು, ಐವತ್ತೆಂಟರ ವರ್ಗ ಮತ್ತು ಏಳರ ವರ್ಗ ಕೂಡಿದ್ದು. ಈಗ ಹದಿನೇಳನ್ನು ಐವತ್ತೆಂಟರಿಂದ ಗುಣಿಸು, ಒಂಬೈನೂರ ಎಂಬತ್ತಾರು. ಎರಡನ್ನು ಏಳರಿಂದ, ಹದಿನಾಲ್ಕು. ಕೂಡಿದರೆ ಸಾವಿರ. ಹದಿನೇಳು ಏಳಲೆ ನೂರಾ ಹತ್ತೊಂಬತ್ತು, ಐವತ್ತೆಂಟು ಎರಡಲೆ ನೂರಾ ಹದಿನಾರು. ಕಳೆದರೆ ಮೂರು. ಇದು ನನ್ನ ಹಳೆಯ ಸಾವಿರ, ಮೂರು. ಕೂಡಿದ ಕಡೆ ಕಳೆ, ಕಳೆದ ಕಡೆ ಕೂಡು. ಒಂಬೈನೂರ ಎಪ್ಪತ್ತೆರಡು, ಇನ್ನೂರ ಮೂವತ್ತೈದು. ಇವುಗಳ ವರ್ಗ ಕೂಡಿದರೂ ಹತ್ತು ಲಕ್ಷದ ಒಂಬತ್ತೇ. ನಾನು ಒಂದು ಬೇಸಿಗೆಯೆಲ್ಲ ಹುಡುಕಿ ಇಲ್ಲ ಎಂದ ಇನ್ನೊಂದು ಜೋಡಿ ಇದು. ಇನ್ನೂರ ಮೂವತ್ತೈದರವರೆಗೆ ಹೋಗಿದ್ದೇನೆ, ದಾಟಿಯೂ ಇದ್ದೇನೆ. ಎದುರಿಗಿದ್ದದ್ದು ಕಾಣಲಿಲ್ಲ. ಆಗ ನನ್ನ ಕಣ್ಣು ಚೆನ್ನಾಗಿಯೇ ಇತ್ತು.

ಸಂಖ್ಯೆ ಮೊದಲಿಗಿಂತ ಈಗ ಚೆಂದವಾಗಿದೆ. ಇದು ನಿಜವಾದ ಮಾತು, ನಿನ್ನನ್ನು ಸಮಾಧಾನ ಮಾಡಲು ಹೇಳಿದ್ದಲ್ಲ.

ಸಭೆಯಲ್ಲಿ ನಾಚಿಕೆಯಾಯಿತು. ಆಗಲಿಲ್ಲ ಎಂದರೆ ಸುಳ್ಳು. ಆ ನಾಚಿಕೆ ಶಿರಾಳಕೊಪ್ಪ ದಾಟುವವರೆಗೆ ಇತ್ತು. ಆಮೇಲೆ ಇದ್ದದ್ದು ಸಿಟ್ಟು, ನೀನು ಮೊದಲೇ ತಿಳಿಸಲಿಲ್ಲ ಎಂದು. ಅದಕ್ಕೆ ಆಧಾರವಿಲ್ಲ ಎಂದು ಈಗ ತಿಳಿಯಿತು. ಈಗ ಉಳಿದಿರುವ ನಾಚಿಕೆ ಬೇರೆ. ನನ್ನ ಎದುರು ನನ್ನ ಮಗಳು ಒಂದು ಸಂಖ್ಯೆಯನ್ನು ಬಾಯಿಬಿಟ್ಟು ಓದಲು ಹೆದರಿದಳು. ಹೀಗೆ ನಿಂತುಕೊಳ್ಳಬೇಕು ಎಂದು ಊರ ಮಕ್ಕಳಿಗೆಲ್ಲ ಹೇಳಿದೆ. ನಾನು ನಿಂತ ರೀತಿಗೆ ಮನೆಯವರು ಹತ್ತಿರ ಬರಲು ಅಂಜುತ್ತಿದ್ದರು ಎಂಬುದು ಈ ವಯಸ್ಸಿನಲ್ಲಿ ತಿಳಿಯಬೇಕೇ? ವಾಸಂತಿ, ಅಳುವುದಾದರೆ ಕಾಗದ ಪಕ್ಕಕ್ಕಿಟ್ಟು ಅಳು, ಶಾಯಿ ಹರಡುತ್ತದೆ. ಇದನ್ನೂ ಬರೆ.

ಜಗಲಿ. ನಿನ್ನನ್ನು ಮನೆಗೆ ತಂದಾಗ ಬೀದಿಯವರು ಹೆದರಿಸಿದರು, ನಾನು ಹೆದರಲಿಲ್ಲ ಎಂದು ಹೆಮ್ಮೆಯಿತ್ತು. ಪೊಲೀಸರಿಗೆ ಹೆದರದವನು ಒಳಗೆ ಒಂದು ಎಲೆ ಹಾಕಿಸಲು ಹೆದರಿದೆ. ನಿನಗೆ ಹಿತವಾಯಿತು ಎಂದು ಬರೆದಿದ್ದೀಯ. ಅದಕ್ಕಾಗಿ ನೀನು ಕುಗ್ಗಬೇಡ.

ಬಾ. ಕಾಲಿಗೆ ಬೀಳುವುದಾದರೆ ಬೇಡ. ಊಟದ ಹೊತ್ತಿಗೆ ಬಾ.

ಮಧುಕೇಶ್ವರ


ಸೊರಬ
21-1-1959

ರಾಜಪ್ಪಣ್ಣ,

ಭಾನುವಾರ ನೀನು ಬಂದಿದ್ದೆ ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನ ಲೋಕಪ್ಪ ಹೇಳಿದರು. "ಒಳ್ಳೆ ಪಂಚೆ ಉಟ್ಕೊಂಡು, ಬಾಳೆಹಣ್ಣಿನ ಚಿಪ್ಪು ಹಿಡ್ಕೊಂಡು ಬಂದಿದ್ರು ಕಣ್ರೀ. ನಮ್ಮ ಬೆಂಚಿನ ಮೇಲೆ ಕೂತ್ರು, ಕಾಫಿ ಕೊಟ್ರೆ ಕುಡೀಲಿಲ್ಲ. ನಿಮ್ಮನೆ ಬೀದಿ ತಿರುವಿನವರೆಗೆ ಹೋಗಿ ಬಂದ್ರು. ಆಮೇಲೆ ವಾಪಸ್ ಬಸ್ ಹತ್ತಿ ಹೋದ್ರು, ಹಣ್ಣು ಬೆಂಚಿನ ಮೇಲೇ ಇತ್ತು" ಎಂದರು.

ಭಾನುವಾರ ಬರುತ್ತೇನೆ ಎಂದು ನೀನು ಕಾರ್ಡು ಹಾಕಿದ್ದರಿಂದ ಅವತ್ತು ನಾವು ಮಧ್ಯಾಹ್ನ ಇಳಿಯುವವರೆಗೆ ಉಂಡಿರಲಿಲ್ಲ. ನಡುಮನೆಯಲ್ಲಿ ಮೂರು ಎಲೆ ಹಾಕಿದ್ದೆ.

ಇದನ್ನು ಅಪ್ಪಯ್ಯನಿಂದ ಮುಚ್ಚಿಡಲಿಲ್ಲ. ಹೇಳಿದೆ. ಕೇಳಿ, ನಾನು ಹೆದರುವ ಆ ಮೌನ ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ಅವನಿಗೆ ತಿರುವು ದಾಟೋಕೆ ಆಗ್ಲಿಲ್ಲ. ನಾನೇ ತಿರುವಿನಾಚೆ ಹೋಗ್ಬೇಕಿತ್ತು" ಎಂದು ಕೋಲು ಕೇಳಿದರು. ಎಲ್ಲಿಗೆ ಎಂದರೆ ಬಸ್ ಸ್ಟ್ಯಾಂಡಿಗೆ. ಈಗ ದಿನವೂ ಮಧ್ಯಾಹ್ನ ಹೋಗುತ್ತಾರೆ. ಲೋಕಪ್ಪನ ಬೆಂಚಿನ ಮೇಲೆ ಕೂತು, ಶಿರಾಳಕೊಪ್ಪದ ಕಡೆಯ ಬಸ್ಸು ಬಂದಾಗಲೆಲ್ಲ ಇಳಿಯುವವರ ಹೆಜ್ಜೆ ಕೇಳುತ್ತಾರೆ. ವಾರದ ದಿನ ನೀನು ಶಾಲೆ ಬಿಟ್ಟು ಬರುವುದಿಲ್ಲ ಎಂದರೂ ಕೇಳುವುದಿಲ್ಲ. ನಿನ್ನೆ ಒಬ್ಬ ಅಪರಿಚಿತನನ್ನು ನೀನೆಂದು ತಿಳಿದು ಎದ್ದು ನಿಂತು ಕೈ ಹಿಡಿದರಂತೆ. ಅವನು ಹೊಸಬಾಳೆಯ ದನದ ವ್ಯಾಪಾರಿ. ಜನ ನಕ್ಕರಂತೆ. ಅಪ್ಪಯ್ಯನೂ ನಕ್ಕರಂತೆ.

ನೀನು ಯಾಕೆ ಹಿಂದಿರುಗಿದೆ ಎಂದು ನಾನು ಕೇಳುವುದಿಲ್ಲ. ನನ್ನ ಮುಖ ನೋಡಬೇಕಾಗುತ್ತದೆ ಎಂದೋ, ಅವರ ಮುಖ ನೋಡಬೇಕಾಗುತ್ತದೆ ಎಂದೋ. ನೀನು ಮನೆಗೆ ಬಂದಿದ್ದರೆ ಬಾಗಿಲು ತೆಗೆಯುವಾಗ ನನಗೂ ಹಾಗೇ ಆಗುತ್ತಿತ್ತು.

ವಾಸಂತಿ


ಶಿಕಾರಿಪುರ
23-1-1959

ವಾಸಂತಿ,

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮೇಷ್ಟ್ರನ್ನು ಬಿಸಿಲಿನಲ್ಲಿ ಕೂರಿಸಬೇಡ.

ಬಂದು ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಹೊರಗಿನಿಂದ ಕೂಗುತ್ತೇನೆ. ನೀನೇ ಬಂದು ಒಳಗೆ ಕರೆದುಕೊಂಡು ಹೋಗು.

ರಾಜಪ್ಪ